ತುಂಬುವ ಮೊದಲೇ ಬರಿದು ಮಾಡಿ



ಆಗಮನ ಕಾಲದ ಮೊದಲ ಮೇಣದ ಬತ್ತಿಯನ್ನು ಹೊತ್ತಿಸುವ ವೇಳೆಗೆ ನಮ್ಮ ರಾಮನಗರದ ಸೀಮೆಗೆ ಮಾಗಿಯ ಚಳಿ ಬಂದು ಸೇರಿರುತ್ತದೆ. ಬೆಳಗಿನ ಪೂಜೆಗೆ ಗಂಟೆ ಬಾರಿಸುವಾಗ ಊರ ಸುತ್ತಲಿನ ಬಂಡೆಬೆಟ್ಟಗಳು ಇನ್ನೂ ಮಂಜಿನ ಮುಸುಕಿನೊಳಗೇ ಇರುತ್ತವೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಗಳಿಗೆ ಚಳಿ ತಾಗದಂತೆ ಶಾಖ ಕೊಡುವ ಏರ್ಪಾಡು ನಡೆಯುತ್ತದೆ. ಮಂಕಿ ಟೋಪಿ ತೊಟ್ಟ ಹಿರಿಯರು ದೇವಾಲಯದ ಹಿಂದಿನ ಬೆಂಚುಗಳಲ್ಲಿ ಕೈಯುಜ್ಜಿಕೊಳ್ಳುತ್ತ ಕುಳಿತಿರುತ್ತಾರೆ. ಹಿಮ ಬೀಳುವ ದೇಶದವರು ಇದನ್ನು ಚಳಿಯೆಂದು ಕರೆಯಲಾರರು. ಉಷ್ಣಾಂಶ ಇಳಿದರೆ 15 ಡಿಗ್ರಿಯ ಆಸುಪಾಸಿಗೆ ಇಳಿದೀತು, ಅಷ್ಟೆ. ಆದರೂ ನಮ್ಮ ಮೈಗೂ ನಮ್ಮ ವಾಹನಗಳಿಗೂ ಅದು ಚಳಿಯೇ.

ಈ ತಿಂಗಳು ನಾನು ಬರೆಯಲಿರುವುದು ನನ್ನ ಕಾರಿನ ಎಂಜಿನ್ನಿನ ಪಕ್ಕದಲ್ಲಿ ಕುಳಿತಿರುವ, ಒಂದು ಲೋಟದಷ್ಟು ದೊಡ್ಡದಾದ ಡಬ್ಬಿಯೊಂದರ ಬಗ್ಗೆ. ಧ್ಯಾನಕ್ಕೆ ಮೀಸಲಾದ ಪುಟದಲ್ಲಿ ಎಣ್ಣೆ ಜಿಡ್ಡಿನ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಪ್ರಭು ಹುಳಿಹಿಟ್ಟು, ಮೀನುಬಲೆ, ಉಪ್ಪು, ಕಳೆದುಹೋದ ನಾಣ್ಯ, ದೀಪದ ಎಣ್ಣೆ ಇಂಥವುಗಳನ್ನೇ ಮುಂದಿಟ್ಟುಕೊಂಡು ಸ್ವರ್ಗಸಾಮ್ರಾಜ್ಯದ ವಿಷಯವನ್ನು ತಿಳಿಸಿದರು. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಅಲ್ಲದೆ ಈ ಡಬ್ಬಿಯ ಕಥೆಯಲ್ಲಿ ನಾನು ನಿಮ್ಮೆದುರು ಒಪ್ಪಿಕೊಳ್ಳಬೇಕಾದ ತಪ್ಪೊಂದಿದೆ.

ನಮ್ಮ ಧರ್ಮಕೇಂದ್ರದ ಕಾರು ಪೆಟ್ರೋಲಿನದು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಅದು ನಿಂತಲ್ಲಿ ನಡುಗಲಾರಂಭಿಸಿತು. ಊರಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರು ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯನ್ನು ಬಿಚ್ಚಿ, ಬೆರಳು ಹಾಕಿ ತೋರಿಸಿದರು. ಒಳಗೆಲ್ಲ ಕಪ್ಪು ಜಿಡ್ಡು. "ನೋಡಿ ಫಾದರ್, ಗಾಡಿ ತನ್ನ ಕೊಳೇನ ತಾನೇ ಕುಡೀತಾ ಇದೆ" ಎಂದರು.

ಅವರು ನನಗೆ ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಹುಟ್ಟುವ ಅನಿಲದ ಬಹುಪಾಲು ಪಿಸ್ಟನ್ನನ್ನು ತಳ್ಳಿ, ಸೈಲೆನ್ಸರಿನ ದಾರಿಯಲ್ಲಿ ಹೊರಗೆ ಹೋಗುತ್ತದೆ. ಸ್ವಲ್ಪ ಪಾಲು ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ, ಕೆಳಗೆ ಎಣ್ಣೆ ತುಂಬಿರುವ ಕೋಣೆಗೆ ಇಳಿಯುತ್ತದೆ. ರಿಂಗುಗಳು ಎಷ್ಟೇ ಹೊಸವಾಗಿರಲಿ, ಇದು ಪೂರ್ತಿಯಾಗಿ ನಿಲ್ಲುವುದಿಲ್ಲ. ಅವು ಸವೆದಷ್ಟೂ ಹೆಚ್ಚುತ್ತದೆ. ಈ ಅನಿಲದಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳು, ಉರಿಯದ ಪೆಟ್ರೋಲಿನ ಆವಿ, ಮಸಿ ಇವುಗಳ ಜೊತೆಗೆ ನೀರಿನ ಆವಿಯೂ ಇರುತ್ತದೆ. ನೀರು ಎಲ್ಲಿಂದ ಬಂತು ಎಂದು ಆಶ್ಚರ್ಯವಾದೀತು. ಪೆಟ್ರೋಲಿನಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿದಾಗ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬೆಂಕಿಯ ಹೊಟ್ಟೆಯಲ್ಲಿ ನೀರು!

ಒಳಗೆ ಸೇರಿದ ಈ ಅನಿಲ ಹೊರಗೆ ಹೋಗಲೇಬೇಕು. ಇಲ್ಲವಾದರೆ ಒತ್ತಡ ಹೆಚ್ಚಿ ಎಣ್ಣೆಯ ಸೀಲುಗಳು ಕಿತ್ತು ಸೋರುತ್ತವೆ. ಹಿಂದಿನ ಕಾಲದ ವಾಹನಗಳಲ್ಲಿ ಇದನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಹಳೆಯ ಜೀಪು, ಲಾರಿಗಳು ನಿಂತಲ್ಲಿ ಹೊಗೆಯಾಡಿ, ಕೆಳಗೆ ಕಪ್ಪು ಚುಕ್ಕೆಗಳನ್ನು ಬಿಟ್ಟು ಹೋಗುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದೀರಿ. ಊರಿನ ಗಾಳಿ ಕೆಡುತ್ತದೆಂದು 1961ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು, ಈ ಅನಿಲವನ್ನು ಹೊರಗೆ ಬಿಡದೆ ಎಂಜಿನ್ನಿಗೇ ಮರಳಿಸಿ ಸುಡಬೇಕೆಂದು ನಿಯಮ ಮಾಡಿತು. ಬರಬರುತ್ತ ಇದು ಜಗತ್ತಿನ ಕಾರುಗಳಿಗೆಲ್ಲ ಸಾಮಾನ್ಯವಾಯಿತು. ಗಾಳಿಗೆ ಒಳ್ಳೆಯದಾಯಿತು. ಆದರೆ ವಯಸ್ಸಾದ ಎಂಜಿನ್ನಿನಲ್ಲಿ ಹೀಗೆ ಮರಳುವ ಎಣ್ಣೆಯ ಅಂಶ ಹೆಚ್ಚಾಗಿ, ಗಾಳಿಯ ದಾರಿಯೆಲ್ಲ ಜಿಡ್ಡು ಕಟ್ಟುತ್ತದೆ. ನನ್ನ ಕಾರಿನ ಕಾಯಿಲೆ ಅದೇ ಆಗಿತ್ತು.

ಸಾಹೇಬರು ಆ ಕೊಳವೆಯ ನಡುವೆ ಒಂದು ಅಲ್ಯೂಮಿನಿಯಂ ಡಬ್ಬಿಯನ್ನು ಜೋಡಿಸಿದರು. ಅದಕ್ಕೆ ಕ್ಯಾಚ್ ಕ್ಯಾನ್ ಎನ್ನುತ್ತಾರೆ. ಅನಿಲವು ಡಬ್ಬಿಯೊಳಗಿನ ಜಾಲರಿಯಲ್ಲಿ ಹಾದು ಹೋಗುವಾಗ ತಣಿದು, ಎಣ್ಣೆ ಮತ್ತು ನೀರು ಹನಿಗಟ್ಟಿ ತಳದಲ್ಲಿ ನಿಲ್ಲುತ್ತವೆ. ಶುದ್ಧವಾದ ಅನಿಲ ಮುಂದಕ್ಕೆ ಹೋಗಿ ಎಂಜಿನ್ನಿನಲ್ಲಿ ಸುಡುತ್ತದೆ. ತಳದಲ್ಲೊಂದು ಪುಟ್ಟ ತಿರುಪು ನಲ್ಲಿ. "ತಿಂಗಳಿಗೊಂದ್ಸಲ ಬಿಚ್ಚಿ ಸುರೀರಿ ಫಾದರ್. ಚಳಿಗಾಲದಲ್ಲಿ ವಾರಕ್ಕೊಂದ್ಸಲ. ಇದು ಹಿಡ್ಕೊಳ್ಳುತ್ತೆ ಅಷ್ಟೆ, ತಾನಾಗೇ ಖಾಲಿ ಆಗಲ್ಲ" ಎಂದು ಹೇಳಿ ಕಳುಹಿಸಿದರು.

ಬೇಸಿಗೆಯಲ್ಲಿ ಆ ಡಬ್ಬಿಯಿಂದ ಇಳಿಯುತ್ತಿದ್ದುದು ಕಾಕಂಬಿಯಂಥ ಕಪ್ಪು ಎಣ್ಣೆ. ಎರಡು ಮೂರು ಚಮಚೆಯಷ್ಟು. ಮಳೆಗಾಲ ಕಳೆದು ಚಳಿ ಹಿಡಿದಾಗ ಅದರ ಬಣ್ಣವೇ ಬದಲಾಯಿತು. ಹಾಲು ಹೆಚ್ಚಾದ ಕಾಫಿಯಂತೆ, ಕೆನೆಗಟ್ಟಿದ ದ್ರವ. ಅದೂ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದರೆ ಅದರ ಅಡಿಯಲ್ಲಿಯೂ ಅದೇ ಕೆನೆ. ಎಂಜಿನ್ನಿನೊಳಗೆ ರೇಡಿಯೇಟರಿನ ನೀರು ಸೋರುತ್ತಿದೆ, ಇನ್ನು ಸಾವಿರಾರು ರೂಪಾಯಿ ಖರ್ಚು ಎಂದು ಹೆದರಿ ಸಾಹೇಬರಲ್ಲಿಗೆ ಓಡಿದೆ. ಅವರು ಅಳತೆಯ ಕಡ್ಡಿಯನ್ನು ಎಳೆದು ಒರೆಸಿ ನೋಡಿದರು, ಎಣ್ಣೆ ಸ್ವಚ್ಛವಾಗಿತ್ತು. ರೇಡಿಯೇಟರಿನ ನೀರಿನ ಮಟ್ಟ ನೋಡಿದರು, ಇಳಿದಿರಲಿಲ್ಲ. "ಎರಡೂ ಸರಿಯಾಗಿದ್ದರೆ ಭಯ ಇಲ್ಲ. ಇದು ಚಳಿಯ ಬೆವರು. ಆ ನೀರು ಇಳಿದು, ಕಡ್ಡಿಯಲ್ಲೂ ಹಾಲು ಕಂಡರೆ ಮಾತ್ರ ಗಾಡಿ ನಿಲ್ಲಿಸಿ ನನ್ನನ್ನು ಕರೀರಿ" ಎಂದರು.

ಈ ಮಾತು ನನಗೆ ಪಾಪನಿವೇದನೆಯ ಪೀಠದಲ್ಲಿ ಎಷ್ಟೋ ಸಲ ನೆನಪಾಗಿದೆ. ಕೆಲವು ಒಳ್ಳೆಯ ಆತ್ಮಗಳು ದಿನನಿತ್ಯದ ಅಲ್ಪ ಪಾಪಗಳನ್ನು ಕಂಡು, ದೇವರು ತಮ್ಮನ್ನು ಕೈಬಿಟ್ಟರೆಂದು ನಡುಗುತ್ತವೆ. ಬದುಕುವ ಮನುಷ್ಯನಲ್ಲಿ ಇಷ್ಟು ತೇವ ಸಹಜ; ಬರಿದು ಮಾಡಿದರೆ ಹೋಗುವಂಥದು. ಒಡಕು ಬೇರೆ, ತೇವ ಬೇರೆ. ಒಡಕನ್ನು ತೇವವೆಂದು ಕಡೆಗಣಿಸಬಾರದು. ತೇವವನ್ನು ಒಡಕೆಂದು ಹೆದರಿ ಕೂರಲೂಬಾರದು. ಎರಡನ್ನೂ ಬೇರ್ಪಡಿಸಿ ನೋಡಲು ಬಲ್ಲವರೊಬ್ಬರ ಕಣ್ಣು ಬೇಕು.

ಚಳಿಯಲ್ಲಿ ಇಷ್ಟು ನೀರು ಏಕೆ ಎಂದು ಕೇಳಿದಾಗ ಸಾಹೇಬರು ನನ್ನ ದಿನಚರಿಯನ್ನೇ ದೂರಿದರು. ಗುರುನಿವಾಸದಿಂದ ಶಾಲೆಗೆ, ಶಾಲೆಯಿಂದ ಕನ್ಯಾಸ್ತ್ರೀಯರ ಮಠಕ್ಕೆ, ಅಲ್ಲಿಂದ ಪೇಟೆಗೆ, ಮತ್ತೆ ಮನೆಗೆ. ಎಲ್ಲವೂ ಎರಡೆರಡು ಕಿಲೋಮೀಟರಿನ ಓಡಾಟ. ಎಂಜಿನ್ ಬಿಸಿಯಾಗುವಷ್ಟರಲ್ಲಿ ನಾನು ಕೀಲಿ ತಿರುಗಿಸಿ ಇಳಿದಿರುತ್ತೇನೆ. ತಣ್ಣನೆಯ ಲೋಹಕ್ಕೆ ತಾಗಿದ ಆವಿ ನೀರಾಗಿ ಎಣ್ಣೆಯೊಡನೆ ಕಲಸಿಹೋಗುತ್ತದೆ. ಅರ್ಧ ಗಂಟೆಗೂ ಮಿಕ್ಕಿ ಒಂದೇ ಸಮನೆ ಓಡಿದರೆ ಎಣ್ಣೆ ಚೆನ್ನಾಗಿ ಕಾದು, ಅದರೊಳಗಿನ ನೀರು ಆವಿಯಾಗಿ ಹೊರಡುತ್ತದೆ. "ವಾರಕ್ಕೊಂದ್ಸಲ ಕನಕಪುರಕ್ಕೋ ಮಾಗಡಿಗೋ ಹೋಗಿ ಬನ್ನಿ. ಚನ್ನಪಟ್ಟಣ ಸಾಲದು, ಹತ್ತಿರ ಆಯ್ತು" ಎಂದು ಅವರು ನಕ್ಕರು.

ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯಲ್ಲಿ ಒಮ್ಮೆ ನಿಂತು ನೋಡಿದ್ದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಾಟದಿಂದ ಹುಟ್ಟುವ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಸುಮ್ಮನೆ ತಾಗಿಸಿ ತೆಗೆದರೆ ಅಂಟುವುದಿಲ್ಲ. ಒತ್ತಿ ಹಿಡಿಯಬೇಕು, ಶಾಖ ಹುಟ್ಟುವವರೆಗೆ ಕಾಯಬೇಕು. ನಮ್ಮ ಪ್ರಾರ್ಥನೆಯೂ ಹೀಗೆಯೇ ಅಲ್ಲವೇ? ಪೂಜೆಗೆ ಮೊದಲು ಎರಡು ನಿಮಿಷ, ಊಟಕ್ಕೆ ಮೊದಲು ಅರ್ಧ ನಿಮಿಷ, ಮಲಗುವ ಮೊದಲು ಆಕಳಿಕೆಯ ನಡುವೆ ಒಂದು ನಿಮಿಷ. ಎಲ್ಲವೂ ಒಳ್ಳೆಯವೇ. ಆದರೆ ಮನಸ್ಸು ಕಾಯುವ ಮೊದಲೇ ನಾವು ಕೀಲಿ ತಿರುಗಿಸಿಬಿಡುತ್ತೇವೆ. ಇದನ್ನು ಯಾರನ್ನೋ ದೂರಲು ಬರೆಯುತ್ತಿಲ್ಲ. ಗುರುಗಳ ಬದುಕು ಇಂಥ ಚಿಕ್ಕ ಓಡಾಟಗಳಿಂದಲೇ ತುಂಬಿದೆ.

ಈಗ ನನ್ನ ತಪ್ಪಿನ ವಿಷಯ. ಹಿಂದೊಂದು ವರ್ಷದ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಾನು ಆ ಡಬ್ಬಿಯನ್ನು ಒಮ್ಮೆಯೂ ಬಿಚ್ಚಲಿಲ್ಲ. ಜಪಸರದ ತಿಂಗಳು, ಮೃತರ ತಿಂಗಳು, ಶಾಲೆಯ ವಾರ್ಷಿಕೋತ್ಸವ, ಕ್ರಿಸ್ಮಸ್ ಸಿದ್ಧತೆ. ನಾಳೆ ನೋಡೋಣ ಎಂದುಕೊಂಡೇ ದಿನಗಳು ಕಳೆದವು. ಅದೇ ಎರಡು ತಿಂಗಳಲ್ಲಿ ನಾನು ಇನ್ನೊಬ್ಬ ಗುರುವಿನ ಬಳಿ ಪಾಪನಿವೇದನೆಗೂ ಹೋಗಿರಲಿಲ್ಲ. ಗುರುಗಳು ಈ ಸಂಸ್ಕಾರವನ್ನು ಆಗಾಗ ಸ್ವೀಕರಿಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಗುರುಮಠದಲ್ಲಿ ಅದನ್ನು ಓದಿ ಪರೀಕ್ಷೆ ಬರೆದವನು ನಾನು. ಇತರರ ಪಾಪಗಳನ್ನು ಕೇಳುತ್ತ ಕುಳಿತವನಿಗೆ ತನ್ನದೂ ತುಂಬುತ್ತಿದೆ ಎಂಬ ಅರಿವೇ ಇರಲಿಲ್ಲ.

ಡಿಸೆಂಬರಿನ ಒಂದು ನಸುಕು, ನಾಲ್ಕು ಗಂಟೆಯ ಸಮಯ, ದೂರವಾಣಿ ಬಡಿಯಿತು. ಕನಕಪುರದ ರಸ್ತೆಯ ಹಳ್ಳಿಯೊಂದರಲ್ಲಿ ಮುದುಕರೊಬ್ಬರು ಬಹಳ ದಿನಗಳಿಂದ ಹಾಸಿಗೆ ಹಿಡಿದಿದ್ದರು. "ಸ್ವಾಮಿ, ಅಪ್ಪ ಉಸಿರಾಡಕ್ಕೆ ಕಷ್ಟ ಪಡ್ತಾ ಅವರೆ. ಬೇಗ ಬನ್ನಿ" ಎಂದು ಮಗಳು ಅಳುತ್ತಿದ್ದಳು. ರೋಗಿಗಳ ಪವಿತ್ರ ತೈಲವನ್ನೂ ಪರಮಪ್ರಸಾದವನ್ನೂ ತೆಗೆದುಕೊಂಡು ಹೊರಟೆ. ಕಾರು ತಣ್ಣಗಿತ್ತು, ನನಗೆ ಅವಸರ. ಹತ್ತು ಕಿಲೋಮೀಟರ್ ದಾಟಿ ಏರು ಬಂದಾಗ ಜೋರಾಗಿ ಒತ್ತಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಹಿಂದೆಲ್ಲ ಬಿಳಿ ಹೊಗೆ ತುಂಬಿತು. ಅನಂತರ ನಿಂತೇ ಹೋಯಿತು. ಎಷ್ಟು ತಿರುಗಿಸಿದರೂ ಮತ್ತೆ ಹೊತ್ತಿಕೊಳ್ಳಲಿಲ್ಲ.

ಆ ಕತ್ತಲಿನಲ್ಲಿ, ಎದೆಯ ಮೇಲೆ ಪ್ರಭುವನ್ನು ಹೊತ್ತುಕೊಂಡು, ರಸ್ತೆಯ ಬದಿಯಲ್ಲಿ ಮುಕ್ಕಾಲು ಗಂಟೆ ನಿಂತೆ. ಕೊನೆಗೆ ಡೇರಿಗೆ ಹಾಲು ಸಂಗ್ರಹಿಸಲು ಹೋಗುತ್ತಿದ್ದ ವ್ಯಾನಿನವರು ಕರುಣೆಯಿಂದ ಹತ್ತಿಸಿಕೊಂಡರು. ಅವರೂ ಒಂದೊಂದು ಹಳ್ಳಿಯಲ್ಲಿ ನಿಲ್ಲಲೇಬೇಕಾಗಿತ್ತು. ನಾನು ಆ ಮನೆಯ ಬಾಗಿಲು ತಲುಪಿದಾಗ ಆರೂ ಕಾಲು. ಒಳಗಿನಿಂದ ಹೆಂಗಸರ ಅಳು ಕೇಳುತ್ತಿತ್ತು. ಮುದುಕರು ಆರು ಗಂಟೆಗೆ ಕಣ್ಣು ಮುಚ್ಚಿದ್ದರು.

ಮೃತರಿಗಾಗಿ ಪ್ರಾರ್ಥನೆ ಸಲ್ಲಿಸಿದೆ. ಮಗಳು ಕಣ್ಣೊರೆಸಿಕೊಂಡು, "ಸ್ವಾಮಿ ಬಂದ್ರಾ ಅಂತ ಎರಡು ಸಲ ಕೇಳಿದ್ರು" ಎಂದಳು. ನಾನು, "ದಾರಿಯಲ್ಲಿ ಕಾರು ಕೈಕೊಟ್ಟಿತಮ್ಮಾ" ಎಂದೆ. ಅಲ್ಲಿದ್ದವರೆಲ್ಲ, "ಹಳೇ ಗಾಡಿ, ಚಳಿ ಬೇರೆ, ಸ್ವಾಮಿಯವರೇನು ಮಾಡಕ್ಕಾಯ್ತದೆ" ಎಂದು ನನ್ನನ್ನೇ ಸಮಾಧಾನಪಡಿಸಿದರು. ಬಿಸಿ ಕಾಫಿ ಕೊಟ್ಟರು. ನಾನು ಕುಡಿದೆ.

ಅಂದು ಮಧ್ಯಾಹ್ನ ಸಾಹೇಬರು ರಸ್ತೆಯ ಬದಿಗೇ ಬಂದು ಬಾನೆಟ್ ಎತ್ತಿದರು. ಡಬ್ಬಿಯ ತಿರುಪು ಸಡಿಲಿಸಿದೊಡನೆ ಹಾಲುಬಣ್ಣದ ನೀರು ಧಾರೆಯಾಗಿ ಸುರಿಯಿತು. ಕಂಠದವರೆಗೆ ತುಂಬಿತ್ತು. ಏರಿನಲ್ಲಿ ಎಂಜಿನ್ ಜೋರಾಗಿ ಗಾಳಿ ಎಳೆದಾಗ ಅದರ ಜೊತೆಗೆ ಈ ನೀರನ್ನೂ ಎಳೆದುಕೊಂಡು, ಪ್ಲಗ್ಗುಗಳು ತೊಯ್ದು ಹೋಗಿದ್ದವು. ಅವುಗಳನ್ನು ಬಿಚ್ಚಿ ಒಣಗಿಸಿ ಹಾಕಿದ ಮೇಲೆ ಕಾರು ಎಂದಿನಂತೆ ಓಡಿತು. ಸಾಹೇಬರು ಬೈಯಲಿಲ್ಲ. "ಡಬ್ಬಿ ಅದರ ಕೆಲಸ ಮಾಡಿದೆ ಫಾದರ್" ಎಂದರು, ಅಷ್ಟೆ.

ಆ ಮಾತು ಮೂರು ದಿನ ನನ್ನನ್ನು ಮಲಗಗೊಡಲಿಲ್ಲ. ಕಾರು ಕೈಕೊಟ್ಟಿತು ಎಂದಿದ್ದೆ. ಕಾರು ಕೈಕೊಟ್ಟಿರಲಿಲ್ಲ, ಕೊಟ್ಟವನು ನಾನು. ತಡವಾದದ್ದಕ್ಕಿಂತ, ಆ ದುಃಖದ ಮನೆಯಲ್ಲಿ ನಿಂತು ನನ್ನ ಕೊಳೆಯನ್ನು ಒಂದು ಯಂತ್ರದ ತಲೆಗೆ ಕಟ್ಟಿದ್ದು ನನ್ನನ್ನು ಹೆಚ್ಚು ಚುಚ್ಚಿತು. ನಾಲ್ಕನೆಯ ದಿನ ಮಾಗಡಿಯ ದಾರಿ ಹಿಡಿದು, ಸಾವನದುರ್ಗದ ಬೆಟ್ಟವನ್ನು ನೋಡುತ್ತ, ಒಬ್ಬ ಹಿರಿಯ ಗುರುಗಳಿದ್ದಲ್ಲಿಗೆ ಹೋಗಿ ಪಾಪನಿವೇದನೆ ಮಾಡಿದೆ. ಅವರು ವಿಧಿಸಿದ ಪ್ರಾಯಶ್ಚಿತ್ತ ಚಿಕ್ಕದು, ಆದರೆ ಸುಲಭವಾದದ್ದಲ್ಲ: ಆ ಮನೆಗೆ ಹೋಗಿ ನಿಜ ಹೇಳಬೇಕು.

ಹೋದೆ. ಮಗಳು ಜಗುಲಿಯ ಮೇಲೆ ರಾಗಿ ಕೇರುತ್ತಿದ್ದಳು. ಡಬ್ಬಿಯ ವಿಷಯವನ್ನೆಲ್ಲ ಹೇಳಿ, "ತಪ್ಪು ಕಾರಿನದಲ್ಲಮ್ಮ, ನನ್ನದು" ಎಂದೆ. ಆಕೆ ಮೊರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸ್ವಾಮಿ, ಅಪ್ಪ ತಿಂಗಳ ಮೊದಲ ಶುಕ್ರವಾರ ನೀವು ಬಂದಾಗೆಲ್ಲ ಪಾಪನಿವೇದನೆ ಮಾಡವ್ರಲ್ಲ. ಹೋದ ಸಲಾನೂ ಮಾಡವ್ರೆ. ಬಾಕಿ ಏನೂ ಇಟ್ಕಂಡಿರಲಿಲ್ಲ. ನಿಮ್ಮನ್ನ ನೋಡಬೇಕು ಅಂತ ಕೇಳಿದ್ರು ಅಷ್ಟೆ" ಎಂದಳು.

ಓದುಗರೇ, ಎಷ್ಟೋ ವರ್ಷ ನಾನು ಆ ಮುದುಕರ ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವರ ಪುಟ್ಟ ಪುಟ್ಟ ಪಾಪಗಳನ್ನು ಕೇಳುತ್ತ, ಮುಂದಿನ ಮನೆಗೆ ಹೊತ್ತಾಯಿತೆಂದು ಗಡಿಯಾರ ನೋಡಿದ್ದುಂಟು. ತಿಂಗಳು ತಿಂಗಳೂ ತಮ್ಮ ಡಬ್ಬಿಯನ್ನು ಬರಿದು ಮಾಡಿಟ್ಟುಕೊಂಡಿದ್ದವರು ಅವರು. ತುಂಬಿಕೊಂಡು ಓಡಾಡುತ್ತಿದ್ದವನು ನಾನು. ನಾನು ತಡವಾಗಿ ಬಂದರೂ ಅವರು ಸಿದ್ಧರಾಗಿಯೇ ಇದ್ದರು. ಹತ್ತು ಕನ್ಯೆಯರ ಸಾಮತಿಯ ಮೇಲೆ ಎಷ್ಟೋ ಪ್ರಬೋಧನೆ ಮಾಡಿದವನಿಗೆ, ಬುದ್ಧಿವಂತೆಯರ ಎಣ್ಣೆ ಯಾವುದೆಂದು ಆ ಜಗುಲಿಯಲ್ಲಿ ತಿಳಿಯಿತು.

ಒಳಗೆ ಸೇರುವ ಕೊಳೆಗೆ ನಾವು ಮೂರು ದಾರಿ ಹುಡುಕುತ್ತೇವೆ. ಒಂದು, ಹಳೆಯ ಜೀಪಿನಂತೆ ರಸ್ತೆಗೆ ಬಿಡುವುದು: ನಮ್ಮ ಸಿಟ್ಟು, ಬೇಸರಗಳನ್ನು ಮನೆಯವರ ಮೇಲೆ, ಅಡುಗೆಯವರ ಮೇಲೆ, ಬಲಿಪೀಠದ ಬಾಲಕರ ಮೇಲೆ ಹೊಗೆಯಂತೆ ಉಗುಳುವುದು. ಎರಡು, ಮರಳಿ ನುಂಗುವುದು: ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡು ನಿಂತಲ್ಲಿ ನಡುಗುವುದು. ಮೂರನೆಯದು, ಹಿಡಿದಿಟ್ಟು ಬರಿದು ಮಾಡುವುದು. ರಾತ್ರಿಯ ಆತ್ಮಶೋಧನೆ ಹಿಡಿದಿಡುತ್ತದೆ. ಪಾಪನಿವೇದನೆ ಬರಿದು ಮಾಡುತ್ತದೆ. ಹಿಡಿದಿಡುವುದೊಂದೇ ಸಾಲದೆಂಬುದನ್ನು ನಾನು ಏರಿನಲ್ಲಿ ಕಲಿತೆ. ಕೆನಡಾದಲ್ಲಿ ಸೇವೆ ಸಲ್ಲಿಸುತ್ತಿರುವ ನನ್ನ ಗುರುಮಠದ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು, "ನಿಮ್ಮಲ್ಲಿ ಅದು ನೀರಾಗಿಯಾದರೂ ಇರುತ್ತದೆ, ಇಲ್ಲಿ ಒಂದು ರಾತ್ರಿ ಬಿಟ್ಟರೆ ಕಲ್ಲಾಗುತ್ತದೆ" ಎಂದರು. ಅಲ್ಲಿಯ ಚಳಿಯಲ್ಲಿ ಡಬ್ಬಿಯ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಒಳಗಿನ ಒತ್ತಡಕ್ಕೆ ಸೀಲುಗಳು ಒಡೆದು ಎಣ್ಣೆ ಹೊರಗೆ ಚೆಲ್ಲುತ್ತದಂತೆ. ಹಾಗಾಗಿ ಕಡು ಚಳಿ ಬರುವ ಮುನ್ನವೇ ಬರಿದು ಮಾಡಬೇಕು. ಹೆಪ್ಪುಗಟ್ಟಿದ ಮೇಲೆ ನಲ್ಲಿ ತಿರುಗಿಸಿದರೂ ಹನಿ ಇಳಿಯದು.

ಈಗ ಶನಿವಾರ ಸಂಜೆ ನನ್ನದೊಂದು ಪುಟ್ಟ ವಿಧಿ ಇದೆ. ಕಾರು ನಿಲ್ಲಿಸಿ, ಎಂಜಿನ್ ಕೈ ತಾಗಿಸುವಷ್ಟು ತಣಿಯುವವರೆಗೆ ಕಾಯುತ್ತೇನೆ. ಒಳಗೆ ಪೆಟ್ರೋಲಿನ ಅಂಶ ಇರುವುದರಿಂದ ಹತ್ತಿರದಲ್ಲಿ ಬೆಂಕಿ, ಬೀಡಿ ಇರಬಾರದು. ಕೆಳಗೊಂದು ಗಾಜಿನ ಸೀಸೆ ಹಿಡಿದು ತಿರುಪು ಬಿಚ್ಚುತ್ತೇನೆ. ಇಳಿದದ್ದರ ಬಣ್ಣವನ್ನೂ ಪ್ರಮಾಣವನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ತಿರುಪು ಬಿಗಿದು, ಕೊಳವೆಯ ಕ್ಲಿಪ್ಪುಗಳು ಸಡಿಲವಾಗಿಲ್ಲವೆಂದು ಖಚಿತ ಮಾಡಿಕೊಂಡು, ಎಣ್ಣೆಯ ಕಡ್ಡಿಯನ್ನೂ ರೇಡಿಯೇಟರಿನ ನೀರನ್ನೂ ಪರೀಕ್ಷಿಸುತ್ತೇನೆ. ಐದು ನಿಮಿಷದ ಕೆಲಸ. ಡಬ್ಬಿಯಿಂದ ಇಳಿದದ್ದನ್ನು ಎಂಜಿನ್ನಿಗೆ ಮತ್ತೆ ಸುರಿಯಬಾರದು.

ಹಾಗೆಂದು ನೆಲಕ್ಕೂ ಸುರಿಯಬಾರದು. ಮೊದಲ ಸಲ ನಾನು ಅದನ್ನು ತೆಂಗಿನ ಬುಡಕ್ಕೆ ಹೊಯ್ಯಲು ಹೋಗಿದ್ದೆ. ಸಾಹೇಬರು ಕೈ ಹಿಡಿದು, "ಬೇಡ ಫಾದರ್, ಅದು ಅರ್ಕಾವತಿಗೆ ಹೋಗುತ್ತೆ" ಎಂದಿದ್ದರು. ನಮ್ಮ ಊರನ್ನು ಹಾದು, ಬೆಂಗಳೂರಿನ ಕೊಳೆ ಹೊತ್ತು ತರುವ ವೃಷಭಾವತಿಯನ್ನೂ ಕೂಡಿಸಿಕೊಂಡು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ ಅದು. ಆಗಲೇ ಸಾಕಷ್ಟು ಹೊತ್ತಿದೆ. ಬಳಸಿದ ಎಂಜಿನ್ ಎಣ್ಣೆಯು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಕ್ಯಾನಿನಲ್ಲಿ ಕೂಡಿಟ್ಟು, ಗ್ಯಾರೇಜಿನ ಮೂಲಕ ಶುದ್ಧೀಕರಣಕ್ಕೆ ಕಳುಹಿಸಬೇಕು. ಪಾಪನಿವೇದನೆಯಲ್ಲಿ ಕೇಳಿದ್ದು ಗುರುವಿನ ಎದೆಯೊಳಗೇ ಮುಚ್ಚಿಹೋಗಬೇಕೆಂಬ ಕಟ್ಟಳೆಯ ಅರ್ಥ ಆ ಕ್ಯಾನಿನ ಮುಚ್ಚಳವನ್ನು ಬಿಗಿಯುವಾಗ ನನಗೆ ಹೊಸದಾಗಿ ಹೊಳೆಯುತ್ತದೆ. ಒಬ್ಬರು ಇಳಿಸಿದ ಕೊಳೆ ಇನ್ನೊಬ್ಬರ ಬಾವಿಗೆ ಸೇರಬಾರದು.

2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದಿರುವ ಈ ಸೀಮೆಯಲ್ಲಿ ಮತ್ತೆ ಮಾಗಿ ಬಂದಿದೆ. ದೇವಾಲಯಗಳಲ್ಲಿ ನೇರಳೆ ಬಣ್ಣದ ಬಟ್ಟೆ ಹಾಸಿದೆ. ಗೋದಲಿ ಕಟ್ಟಲು ಮಕ್ಕಳು ಹುಲ್ಲು ತರುತ್ತಿದ್ದಾರೆ. ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿರಲಿಲ್ಲ ಎಂದು ಪ್ರತಿ ವರ್ಷ ಓದುತ್ತೇವೆ. ತುಂಬಿದ ಜಾಗದಲ್ಲಿ ಯಾರಿಗೂ ಸ್ಥಳವಿರುವುದಿಲ್ಲ. ಕ್ರಿಸ್ಮಸ್ ಹಿಂದಿನ ದಿನ ಪಾಪನಿವೇದನೆಗೆ ಸಾಲು ಉದ್ದವಿರುತ್ತದೆ, ಅಂದಿನವರೆಗೆ ಕಾಯಬೇಡಿ. ಈ ವಾರವೇ ಬನ್ನಿ. ಶನಿವಾರ ಸಂಜೆ ನಾನು ಪೀಠದಲ್ಲಿ ಕುಳಿತಿರುತ್ತೇನೆ. ಕೈಯಲ್ಲಿ ಸ್ವಲ್ಪ ಎಣ್ಣೆಯ ವಾಸನೆ ಇದ್ದರೆ ಕ್ಷಮಿಸಿ.